ಸಸಿ ನೆಡುವ ಮೊದಲು ನೀರಿನ ಲೆಕ್ಕ ಹಿಡಿಯಿರಿ: ಹಸಿರು ಕ್ಯಾಂಪಸ್ ಬಗ್ಗೆ ಉಪನ್ಯಾಸಕಿಯೊಬ್ಬರಿಗೆ ಉತ್ತರ

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಪ್ರಥಮ ದರ್ಜೆ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ಇಕೋ ಕ್ಲಬ್ ಜವಾಬ್ದಾರಿಯೂ ನನ್ನದೇ. ಸುಮಾರು 1,200 ವಿದ್ಯಾರ್ಥಿಗಳಿದ್ದಾರೆ. ಪಕ್ಕದಲ್ಲೇ ಒಂದು ಹಾಸ್ಟೆಲ್ ಇದೆ. ಎರಡು ಬೋರ್‌ವೆಲ್‌ಗಳಲ್ಲಿ ಒಂದು ಬತ್ತಿದೆ. ಪ್ರತಿ ವರ್ಷ ಜೂನ್ 5ಕ್ಕೆ ನೂರು ಸಸಿ ನೆಡುತ್ತೇವೆ. ಮುಂದಿನ ಬೇಸಿಗೆಗೆ ನಾಲ್ಕೈದು ಉಳಿದರೆ ಹೆಚ್ಚು. ಮುಂದಿನ ವರ್ಷ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುತ್ತದೆ, ‘ಹಸಿರು ಕ್ಯಾಂಪಸ್’ ಮಾಡಿ ತೋರಿಸಬೇಕು ಎಂದು ಪ್ರಾಂಶುಪಾಲರು ಹೇಳಿದ್ದಾರೆ. ದುಡ್ಡು ಬಹಳ ಇಲ್ಲ. ಸೋಲಾರ್ ಹಾಕಿಸಬೇಕಾ? ಗ್ರೀನ್ ಆಡಿಟ್ (ಕ್ಯಾಂಪಸ್ಸಿನ ಪರಿಸರ ಲೆಕ್ಕದ ಪರಿಶೀಲನೆ) ಮಾಡಿಸಬೇಕಾ? ಎಲ್ಲಿಂದ ಶುರು ಮಾಡಲಿ?

ಉತ್ತರ:

ಮೇಡಂ, ನಮಸ್ಕಾರ. ಮೊದಲು ನೇರವಾಗಿ ಒಂದು ಮಾತು ಹೇಳುತ್ತೇನೆ. ಈ ಸಲ ಜೂನ್ 5ಕ್ಕೆ ಸಸಿ ನೆಡಬೇಡಿ. ನೆಡುವುದೇ ಬೇಡ ಎಂದಲ್ಲ, ಸ್ವಲ್ಪ ತಡೆದು ನೆಡೋಣ. ನಿಮ್ಮಲ್ಲಿ ಸಸಿ ಒಣಗುವುದಕ್ಕೂ ಬೋರ್‌ವೆಲ್ ಬತ್ತಿರುವುದಕ್ಕೂ ನಂಟಿದೆ. ಕ್ಯಾಂಪಸ್ಸಿನಲ್ಲಿ ದಿನಕ್ಕೆ ಎಷ್ಟು ನೀರು ಮೇಲೆತ್ತುತ್ತೀರಿ, ಎಷ್ಟು ಬಳಸುತ್ತೀರಿ, ಎಷ್ಟು ಸುಮ್ನೆ ಹರಿದು ಹೋಗುತ್ತದೆ ಎಂಬ ಲೆಕ್ಕ ಯಾರ ಹತ್ತಿರವೂ ಇಲ್ಲ ಅಲ್ವಾ? ಬಹಳಷ್ಟು ಕಾಲೇಜುಗಳಲ್ಲಿ ಇದೇ ಕಥೆ. ಕರೆಂಟ್ ಬಿಲ್ ಆಫೀಸಿನ ಫೈಲಿಗೆ ಹೋಗುತ್ತದೆ. ನೀರಿಗೆ ಬಿಲ್ಲೇ ಇರುವುದಿಲ್ಲ. ಹಾಸ್ಟೆಲಿನಲ್ಲಿ ಎಸೆದ ಅನ್ನವನ್ನು ಯಾರೂ ತೂಗುವುದಿಲ್ಲ. ಹೀಗಿರುವಾಗ ಸಸಿ ನೆಟ್ಟರೂ ಸೋಲಾರ್ ಹಾಕಿದರೂ ಅದರಿಂದ ಏನಾಯಿತು ಎಂದು ಗೊತ್ತಾಗುವುದಿಲ್ಲ.

ಆದ್ದರಿಂದ ಶುರು ಅಳತೆಯಿಂದ, ಅದರಲ್ಲೂ ನೀರಿನಿಂದ. ನಿಮ್ಮ ಜಿಲ್ಲೆಯಲ್ಲಿ ಉಳಿದದ್ದೆಲ್ಲ ನೀರಿನ ಹಿಂದೆಯೇ ಬರುವ ವಿಷಯ.

ನೀರು ಅಳೆಯಲು ಮೀಟರ್ ಕೊಳ್ಳಲೇಬೇಕು ಎಂದಿಲ್ಲ. 200 ಲೀಟರಿನ ಒಂದು ಡ್ರಮ್ ತನ್ನಿ. ಬೋರ್‌ವೆಲ್ ಪೈಪನ್ನು ಅದಕ್ಕೆ ಬಿಟ್ಟು ಎಷ್ಟು ಸೆಕೆಂಡಿಗೆ ತುಂಬಿತು ಎಂದು ಮೊಬೈಲಿನಲ್ಲಿ ನೋಡಿ. ಒಂದು ನಿಮಿಷಕ್ಕೆ ತುಂಬಿದರೆ ಗಂಟೆಗೆ 12,000 ಲೀಟರ್ ಎಂದಾಯಿತು. ಪಂಪ್ ದಿನಕ್ಕೆ ಎಷ್ಟು ಹೊತ್ತು ಓಡುತ್ತದೆ ಎಂದು ಆಪರೇಟರ್ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ದಿನದ ಲೆಕ್ಕ ಸಿಕ್ಕಿತು. ಬೇಸಿಗೆಯಲ್ಲಿ ಬೋರ್‌ವೆಲ್ ಇಳುವರಿ ಕಡಿಮೆಯಾಗುತ್ತದೆ, ಹಾಗಾಗಿ ಡ್ರಮ್ಮಿನ ಪರೀಕ್ಷೆಯನ್ನು ತಿಂಗಳಿಗೊಮ್ಮೆ ಮಾಡಿ. ಹೀಗೆ ಒಂದು ವರ್ಷ ಬರೆದರೆ ನಿಮ್ಮ ಬೋರ್‌ವೆಲ್ ಯಾವ ತಿಂಗಳು ಸೋಲುತ್ತದೆ, ಯಾವ ಮಳೆಗೆ ಚೇತರಿಸಿಕೊಳ್ಳುತ್ತದೆ ಎಂದು ತಿಳಿಯುತ್ತದೆ. ಅದು ನಿಮ್ಮ ಕ್ಯಾಂಪಸ್ಸಿನ ಅತ್ಯಂತ ಬೆಲೆಬಾಳುವ ದಾಖಲೆ.

ಆಮೇಲೆ ಸೋರಿಕೆ. ಒಂದು ಶನಿವಾರ ಸಂಜೆ ಓವರ್‌ಹೆಡ್ ಟ್ಯಾಂಕ್ ತುಂಬಿಸಿ, ಪಂಪ್ ಆಫ್ ಮಾಡಿ, ನೀರಿನ ಮಟ್ಟ ಗುರುತು ಹಾಕಿಕೊಳ್ಳಿ. ಸೋಮವಾರ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ಮತ್ತೆ ನೋಡಿ. ಯಾರೂ ಇಲ್ಲದ ಭಾನುವಾರ ಮಟ್ಟ ಇಳಿದಿದ್ದರೆ ಅಷ್ಟೂ ಸೋರಿಕೆಯೇ. ಸೆಕೆಂಡಿಗೆ ಒಂದು ಹನಿ ತೊಟ್ಟಿಕ್ಕುವ ನಲ್ಲಿಯಿಂದ ದಿನಕ್ಕೆ ಸುಮಾರು 20 ಲೀಟರ್ ಹೋಗುತ್ತದೆ. ಅಂಥ ಹತ್ತು ನಲ್ಲಿ ಇದ್ದರೆ 200 ಲೀಟರ್. ಶೌಚಾಲಯದ ಫ್ಲಶ್ ಟ್ಯಾಂಕ್ ಸೋರಿದರೆ ಸದ್ದೂ ಬರುವುದಿಲ್ಲ. ಅದರೊಳಗೆ ಚಿಟಿಕೆ ಅಡುಗೆ ಬಣ್ಣ ಹಾಕಿ ಅರ್ಧ ಗಂಟೆ ಬಿಡಿ. ಫ್ಲಶ್ ಮಾಡದೆಯೇ ಬಣ್ಣ ಕೆಳಗೆ ಕಂಡರೆ ಒಳಗಿನ ವಾಷರ್ ಹೋಗಿದೆ ಎಂದರ್ಥ. ನಾನು ನೋಡಿರುವ ಕಾಲೇಜುಗಳಲ್ಲಿ ಇವೆಲ್ಲಕ್ಕಿಂತ ದೊಡ್ಡ ನಷ್ಟ ಆಗುವುದು ಟ್ಯಾಂಕ್ ತುಂಬಿ ಹರಿಯುವುದರಿಂದ. ಪಂಪ್ ಹಾಕಿದವರು ಬೇರೆ ಕೆಲಸಕ್ಕೆ ಹೋಗಿರುತ್ತಾರೆ. ಟ್ಯಾಂಕ್ ತುಂಬಿದ ಕೂಡಲೇ ಪಂಪ್ ನಿಲ್ಲಿಸುವ ಸಣ್ಣ ಕಂಟ್ರೋಲರ್ ಎಲ್ಲ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ. ಇರುವ ಸ್ವಲ್ಪ ದುಡ್ಡಿನಲ್ಲಿ ಮೊದಲು ಅದನ್ನು ಕೊಳ್ಳಿ.

ಈಗ ಮಳೆಗೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಇಲ್ಲಿ ಎಲ್ಲರೂ ಅಂದಾಜಿನಲ್ಲಿ ಮಾತಾಡುತ್ತಾರೆ.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ಮುಖ್ಯ ಕಟ್ಟಡದ ತಾರಸಿ 10,000 ಚದರ ಅಡಿ ಎಂದಿಟ್ಟುಕೊಳ್ಳೋಣ. ಅಂದರೆ ಸುಮಾರು 930 ಚದರ ಮೀಟರ್. ವರ್ಷಕ್ಕೆ 500 ಮಿಲಿಮೀಟರ್ ಮಳೆ ಎಂದು ಹಿಡಿದರೂ 4.65 ಲಕ್ಷ ಲೀಟರ್ ಆಗುತ್ತದೆ. ಆವಿಯಾಗಿದ್ದು, ಮೊದಲ ಮಳೆಯ ಕೊಳೆ ನೀರು ಹೊರಗೆ ಬಿಟ್ಟಿದ್ದು ಎಲ್ಲ ಕಳೆದು ನೂರಕ್ಕೆ 80 ಭಾಗ ಸಿಕ್ಕಿದರೆ 3.7 ಲಕ್ಷ ಲೀಟರ್.

ಇದು ದೊಡ್ಡ ಸಂಖ್ಯೆಯೋ ಚಿಕ್ಕದೋ? ಹಗಲು ಕಾಲೇಜಿಗೆ ಒಬ್ಬ ವಿದ್ಯಾರ್ಥಿಗೆ ದಿನಕ್ಕೆ 45 ಲೀಟರ್ ಬೇಕು ಎಂಬುದು ಎಂಜಿನಿಯರುಗಳು ಹಿಡಿಯುವ ಲೆಕ್ಕ. 1,200 ಜನಕ್ಕೆ 54,000 ಲೀಟರ್. ಆ ಪ್ರಕಾರ ನಿಮ್ಮ ತಾರಸಿಯ ಇಡೀ ವರ್ಷದ ಮಳೆ ಒಂದು ವಾರಕ್ಕೆ ಮುಗಿದುಹೋಗುತ್ತದೆ. ‘ಮಳೆ ಕೊಯ್ಲು ಮಾಡಿದರೆ ನೀರಿನ ಸಮಸ್ಯೆ ಪೂರ್ತಿ ಹೋಗುತ್ತದೆ’ ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ತೋರಿಸಿ. ಆದರೆ ಅದೇ ನೀರನ್ನು ಕುಡಿಯಲು ಮಾತ್ರ ಇಟ್ಟುಕೊಳ್ಳಿ. ತಲೆಗೆ 2 ಲೀಟರಿನಂತೆ ದಿನಕ್ಕೆ 2,400 ಲೀಟರ್. ಆಗ 3.7 ಲಕ್ಷ ಲೀಟರ್ 150 ದಿನಕ್ಕೂ ಸ್ವಲ್ಪ ಜಾಸ್ತಿ ಬರುತ್ತದೆ. ಕಾಲೇಜು ನಡೆಯುವ ದಿನಗಳಲ್ಲಿ ಅದು ದೊಡ್ಡ ಪಾಲು!

ನಿಮ್ಮ ಜಿಲ್ಲೆಯಲ್ಲಿ ಇದಕ್ಕೆ ಇನ್ನೂ ಒಂದು ಕಾರಣವಿದೆ. ಚಿತ್ರದುರ್ಗದ ಹಲವು ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ. ಹೆಚ್ಚಿದ್ದರೆ ಹಲ್ಲು ಕಲೆಗಟ್ಟುತ್ತದೆ, ಬಹಳ ವರ್ಷ ಕುಡಿದರೆ ಮೂಳೆಗೂ ತೊಂದರೆ. ಮಳೆ ನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಶುದ್ಧವಾಗಿ ಹಿಡಿದು, ಮುಚ್ಚಿದ ತೊಟ್ಟಿಯಲ್ಲಿಟ್ಟು, ಸೋಸಿ, ಕ್ಲೋರಿನ್ ಹಾಕಿ ಅಥವಾ ಕುದಿಸಿ ಕೊಟ್ಟರೆ ಕುಡಿಯಲು ಅದೇ ಒಳ್ಳೆಯದು. ಎಲ್ಲವನ್ನೂ ಒಟ್ಟಿಗೆ ಶೇಖರಿಸುವಷ್ಟು ದೊಡ್ಡ ತೊಟ್ಟಿ ಕಟ್ಟಲು ಹೋಗಬೇಡಿ. 50,000 ಲೀಟರಿನದು ಸಾಕು. ಒಮ್ಮೆ ತುಂಬಿದರೆ 20 ದಿನ ಕುಡಿಯಬಹುದು. ಮಳೆಗಾಲದಲ್ಲಿ ಮತ್ತೆ ಮತ್ತೆ ತುಂಬುತ್ತದೆ. ತುಂಬಿ ಹೊರಗೆ ಹರಿಯುವುದನ್ನು ಬತ್ತಿದ ಬೋರ್‌ವೆಲ್ ಸುತ್ತಲಿನ ಇಂಗುಗುಂಡಿಗೆ ಬಿಡಿ. ತೊಟ್ಟಿ ಚಿಕ್ಕದಾಗಿದ್ದರೆ ವರ್ಷದ 3.7 ಲಕ್ಷ ಪೂರ್ತಿ ಕುಡಿಯಲು ಸಿಗುವುದಿಲ್ಲ ನಿಜ. ಆದರೆ ಉಳಿದದ್ದು ನೆಲಕ್ಕಾದರೂ ಇಳಿಯುತ್ತದೆ.

ಇಂಗುಗುಂಡಿಯ ವಿಷಯದಲ್ಲಿ ಒಂದು ಎಚ್ಚರಿಕೆ ಕೊಡಲೇಬೇಕು. ತಾರಸಿಯ ಪೈಪನ್ನು ನೇರವಾಗಿ ಬೋರ್‌ವೆಲ್ ಕೇಸಿಂಗ್‌ಗೆ ತುರುಕಬೇಡಿ. ಎಲೆ, ಹಕ್ಕಿ ಹಿಕ್ಕೆ, ಮಣ್ಣು ಎಲ್ಲ ನೇರ ಅಂತರ್ಜಲಕ್ಕೆ ಹೋಗುತ್ತದೆ. ಅದನ್ನು ಮತ್ತೆ ಶುದ್ಧ ಮಾಡಲು ಆಗುವುದಿಲ್ಲ. ದಪ್ಪ ಕಲ್ಲು, ಜಲ್ಲಿ, ಮರಳು ತುಂಬಿದ ಗುಂಡಿಯ ಮೂಲಕವೇ ನೀರು ಇಳಿಯಬೇಕು. ಶೌಚಾಲಯದ ಗುಂಡಿ ಹತ್ತಿರವಿದ್ದರೆ ಆ ಜಾಗ ಬೇಡವೇ ಬೇಡ. ಬೆಂಗಳೂರಿನ ಜಯನಗರದಲ್ಲಿ 2011ರಲ್ಲಿ ಶುರುವಾದ ಸರ್ ಎಂ. ವಿಶ್ವೇಶ್ವರಯ್ಯ ಮಳೆ ನೀರು ಕೊಯ್ಲು ಥೀಮ್ ಪಾರ್ಕ್ ಇದೆ. ಅಲ್ಲಿ ಇಂಥ ಸೋಸುಗಗಳ ಮಾದರಿಗಳನ್ನು ಕಣ್ಣಾರೆ ನೋಡಬಹುದು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ಕೆಲಸ ಮಾಡಿದ ಎ.ಆರ್. ಶಿವಕುಮಾರ್ ಅವರು ಬೆಂಗಳೂರಿನ ತಮ್ಮ ಮನೆಯನ್ನು 1990ರ ದಶಕದಿಂದ ಮಳೆ ನೀರಿನಲ್ಲೇ ನಡೆಸಿದವರು.

ಆದರೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಲು ಬೆಂಗಳೂರಿನವರೆಗೆ ಹೋಗಬೇಕಾಗಿಲ್ಲ. ನಿಮ್ಮ ದುರ್ಗದ ಕೋಟೆಯೇ ಇದೆ. ಮೇಲೆ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ, ಕೆಳಗೆ ಸಿಹಿನೀರು ಹೊಂಡ, ಊರೊಳಗೆ ಸಂತೆ ಹೊಂಡ. ಬಂಡೆ ಮೇಲೆ ಬಿದ್ದ ಮಳೆ ಮೇಲಿನ ಹೊಂಡ ತುಂಬಿ, ಅದರ ಕೋಡಿ ಕೆಳಗಿನದಕ್ಕೆ ಬರುವ ಹಾಗೆ ಕಟ್ಟಿದ ವ್ಯವಸ್ಥೆ. ಇಷ್ಟು ಕಡಿಮೆ ಮಳೆಯ ಊರಿನಲ್ಲಿ ಅಷ್ಟು ದೊಡ್ಡ ಕೋಟೆ ಬಾಳಿದ್ದು ಆ ನೀರಿನಿಂದ. ಹುಡುಗರು ಅಲ್ಲಿಗೆ ಬಹಳ ಸಲ ಹೋಗಿರುತ್ತಾರೆ, ಒನಕೆ ಓಬವ್ವನ ಕಿಂಡಿ ನೋಡಿ ಬಂದಿರುತ್ತಾರೆ. ಈ ಸಲ ನೀರಿನ ದಾರಿ ಹಿಡಿದು ನಡೆಸಿ. ವಾಪಸ್ ಬಂದು ನಿಮ್ಮ ಕ್ಯಾಂಪಸ್ಸಿನ ನಕ್ಷೆಯ ಮೇಲೆ ಮಳೆ ನೀರು ಎಲ್ಲಿ ಬಿದ್ದು ಯಾವ ಕಡೆ ಹರಿದು ಯಾವ ಗೇಟಿನಿಂದ ಆಚೆ ಹೋಗುತ್ತದೆ ಎಂದು ಬರೆಸಿ. ಒಳ್ಳೆಯ ಮಳೆ ಬರುತ್ತಿರುವಾಗ ಛತ್ರಿ ಹಿಡಿದು ಹೊರಗೆ ನಿಂತರೆ ಈ ನಕ್ಷೆ ಒಂದೇ ಗಂಟೆಯಲ್ಲಿ ತಯಾರಾಗುತ್ತದೆ.

ಈಗ ಸಸಿಗಳು. ನಿಮ್ಮ ನೂರು ಸಸಿ ಯಾಕೆ ಸಾಯುತ್ತವೆ? ಮೊದಲ ಕಾರಣ ತಾರೀಖು. ಜೂನ್ 5 ವಿಶ್ವ ಪರಿಸರ ದಿನ ಸರಿ, ಮಲೆನಾಡಿಗೂ ಕರಾವಳಿಗೂ ಅದು ಹೊಂದುತ್ತದೆ. ಆದರೆ ನಿಮ್ಮಲ್ಲಿ ಜೂನ್, ಜುಲೈನಲ್ಲಿ ಗಾಳಿಯೇ ಜಾಸ್ತಿ, ಮಳೆ ಕಡಿಮೆ. ಚಿತ್ರದುರ್ಗ ಸೀಮೆಯಲ್ಲಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜೂನ್‌ನಲ್ಲಿ ನೆಟ್ಟ ಸಸಿ ಮಳೆ ಬರುವ ಮೊದಲೇ ಎರಡು ತಿಂಗಳು ಒಣಗಾಳಿಯಲ್ಲಿ ಬಡಿದಾಡುತ್ತದೆ. ಜೂನ್ 5ಕ್ಕೆ ಗುಂಡಿ ತೋಡಿ. ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ. ತೋಡಿದ ಮಣ್ಣಿಗೆ ಗೊಬ್ಬರ, ತರಗೆಲೆ ಬೆರೆಸಿ ಬಿಡಿ. ಆಗಸ್ಟ್ ಕೊನೆಯಲ್ಲಿ ನೆಲ ಒಳ್ಳೆ ಹದ ಬಂದ ಮೇಲೆ ನೆಡಿ. ಕಾಲೇಜೂ ಆಗ ಪೂರ್ತಿ ನಡೆಯುತ್ತಿರುತ್ತದೆ, ನೋಡಿಕೊಳ್ಳಲು ಮಕ್ಕಳಿರುತ್ತಾರೆ.

ಎರಡನೆಯದು ಸಂಖ್ಯೆ. ನೂರು ಬೇಡ, ಇಪ್ಪತ್ತು ನೆಡಿ. 2025ರ ನವೆಂಬರ್‌ನಲ್ಲಿ ತೀರಿಕೊಂಡ ಸಾಲುಮರದ ತಿಮ್ಮಕ್ಕನವರನ್ನು ನೆನೆಯಿರಿ. ಹುಲಿಕಲ್-ಕುದೂರು ರಸ್ತೆಯ 385 ಆಲದ ಮರಗಳನ್ನು ಅವರೂ ಅವರ ಪತಿ ಚಿಕ್ಕಯ್ಯನವರೂ ಒಂದೇ ದಿನ ನೆಟ್ಟಿದ್ದಲ್ಲ. ವರ್ಷಕ್ಕೆ ಕೆಲವೇ ಸಸಿ ಹಾಕಿ, ಬಿಂದಿಗೆಯಲ್ಲಿ ನೀರು ಹೊತ್ತು, ದನ ತಿನ್ನದಂತೆ ಮುಳ್ಳಿನ ಬೇಲಿ ಕಟ್ಟಿ ಬೆಳೆಸಿದರು. ನಾವು ನೆಟ್ಟಿದ್ದನ್ನು ಹೊಗಳುತ್ತೇವೆ. ಅವರ ನಿಜವಾದ ದುಡಿಮೆ ಇದ್ದದ್ದು ನೀರು ಹೊತ್ತದ್ದರಲ್ಲಿ. ನಿಮ್ಮ ಇಪ್ಪತ್ತು ಸಸಿಗೆ ವಾರಕ್ಕೆ ತಲಾ 15 ಲೀಟರ್ ಎಂದರೆ 300 ಲೀಟರ್ ಸಾಕು. ಕೈ ತೊಳೆಯುವ ಜಾಗದ ನೀರನ್ನು ಒಂದು ಸಣ್ಣ ಜಲ್ಲಿಗುಂಡಿಗೆ ಹರಿಸಿದರೆ ಅಷ್ಟು ದಿನವೂ ಸಿಗುತ್ತದೆ. ಬುಡಕ್ಕೆ ತರಗೆಲೆಯ ಹೊದಿಕೆ ಹಾಕಿ. ಪಕ್ಕದಲ್ಲಿ ಹಳೆ ಮಡಕೆ ಹೂತು ನೀರು ತುಂಬಿ ಮುಚ್ಚಿದರೆ ನಿಧಾನಕ್ಕೆ ಜಿನುಗುತ್ತದೆ. ಏಪ್ರಿಲ್, ಮೇ ರಜೆಯಲ್ಲಿ ನೀರು ಹಾಕುವವರು ಯಾರು ಎಂದು ನೆಡುವ ದಿನವೇ ಬರೆದಿಡಿ. ಉತ್ತರ ಸಿಗದಿದ್ದರೆ ನೆಡಬೇಡಿ. ಕಡಿಮೆಯೆಂದರೂ ಎರಡು ಬೇಸಿಗೆ ಕಾಯಬೇಕು, ನಿಮ್ಮಲ್ಲಿ ಮೂರು ಎಂದೇ ಹಿಡಿಯಿರಿ.

ನೀರು ಶುದ್ಧ ಮಾಡುವ ಆರ್.ಓ. ಯಂತ್ರವಿದ್ದರೆ ಅದರಿಂದ ಹೊರಬರುವ ನೀರಿನ ಬಗ್ಗೆಯೂ ಗಮನ ಇರಲಿ. ಒಂದು ಲೀಟರ್ ಕುಡಿಯುವ ನೀರು ಕೊಡಲು ಅದು ಒಂದರಿಂದ ಮೂರು ಲೀಟರ್ ಆಚೆ ಚೆಲ್ಲುತ್ತದೆ. ಅದನ್ನು ಸಸಿಗೆ ಹಾಕಿ ಎಂದು ಬಹಳ ಜನ ಹೇಳುತ್ತಾರೆ. ನಿಮ್ಮ ಕಡೆ ಆ ನೀರು ಉಪ್ಪು ತುಂಬಿಕೊಂಡಿರುತ್ತದೆ, ಎಳೆ ಸಸಿಗೆ ಒಳ್ಳೆಯದಲ್ಲ. ಶೌಚಾಲಯಕ್ಕೆ, ನೆಲ ಒರೆಸಲು ತಿರುಗಿಸಿ.

ಯಾವ ಗಿಡ? ನೀವೇ ಸಸ್ಯಶಾಸ್ತ್ರದವರು, ನಾನು ಹೇಳಬೇಕಿಲ್ಲ. ಆದರೂ ನರ್ಸರಿಯಲ್ಲಿ ಸಿಕ್ಕಿದ್ದನ್ನು ತರುವ ಅಭ್ಯಾಸ ಬಿಡಬೇಕು. ಹೊಂಗೆ, ಬೇವು, ಹುಣಸೆ, ಬಸರಿ, ಅತ್ತಿ, ಕಕ್ಕೆ, ಮುತ್ತುಗ, ಬನ್ನಿ ಇವೆಲ್ಲ ನಿಮ್ಮ ನೆಲಕ್ಕೆ ಒಗ್ಗಿದವು. ಹುಲ್ಲುಹಾಸು ಮಾತ್ರ ಬೇಡ. ಬೋರ್‌ವೆಲ್ ಬತ್ತಿದ ಕ್ಯಾಂಪಸ್ಸಿನಲ್ಲಿ ದಿನಾ ನೀರು ಕುಡಿಯುವ ಲಾನ್ ಬೆಳೆಸುವುದಕ್ಕೆ ನಾನು ಒಪ್ಪುವುದಿಲ್ಲ, ನ್ಯಾಕ್ ತಂಡದ ಫೋಟೋಗೂ ಒಪ್ಪುವುದಿಲ್ಲ.

ಇನ್ನೊಂದು ಮಾತು, ಇದು ನನಗೆ ಬಹಳ ಮುಖ್ಯ. ಎಲ್ಲ ಜಾಗದಲ್ಲೂ ಮರ ಬೇಕು ಎಂದಿಲ್ಲ. ನಿಮ್ಮದು ಕುರುಚಲು ಮತ್ತು ಹುಲ್ಲುಗಾವಲಿನ ಸೀಮೆ. ಚಳ್ಳಕೆರೆಯ ಅಮೃತಮಹಲ್ ಕಾವಲುಗಳನ್ನು, ಅಂದರೆ ಅಮೃತಮಹಲ್ ದನಗಳ ಮೇವಿಗೆಂದು ಬಿಟ್ಟ ಹುಲ್ಲುಗಾವಲುಗಳನ್ನು ನೋಡಿ. ‘ಪಾಳು ಜಾಗ’ ಎಂದು ಕಾಣುವ ಅಲ್ಲೇ ಎಷ್ಟೊಂದು ಹುಲ್ಲು, ಹಕ್ಕಿ, ಹುಳ ಬದುಕುತ್ತವೆ. ಕ್ಯಾಂಪಸ್ಸಿನ ಹಿಂದೆ ಅಂಥ ಒಂದು ಮೂಲೆ ಇದ್ದರೆ ಜೆಸಿಬಿ ತಂದು ಸ್ವಚ್ಛ ಮಾಡಿಸಬೇಡಿ. ಬೆಂಕಿ ಹಾಕಬೇಡಿ. ಹಾಗೇ ಬಿಟ್ಟು, ಅಲ್ಲಿ ಏನೇನಿದೆ ಎಂದು ನಿಮ್ಮ ವಿದ್ಯಾರ್ಥಿಗಳಿಂದ ಪಟ್ಟಿ ಮಾಡಿಸಿ. ಪ್ರತಿ ಫೆಬ್ರವರಿಯಲ್ಲಿ ದೇಶದ ಬಹಳಷ್ಟು ಕಾಲೇಜುಗಳು ಸೇರಿ ಮಾಡುವ ಕ್ಯಾಂಪಸ್ ಹಕ್ಕಿ ಗಣತಿ ಇದೆ. ಮೊಬೈಲಿನಲ್ಲಿ ಹಕ್ಕಿ ದಾಖಲಿಸುವ ಇ-ಬರ್ಡ್ ಆ್ಯಪ್ ಹಾಕಿಕೊಂಡು ಹದಿನೈದು ನಿಮಿಷ ನೋಡಿ ಬರೆದರೆ ಸಾಕು. ಗೌಜಲಕ್ಕಿ, ಟಿಟ್ಟಿಭ ಕ್ಯಾಂಪಸ್ಸಿನಲ್ಲೇ ಇವೆ ಎಂದು ಗೊತ್ತಾದ ಹುಡುಗರು ಆ ಮೂಲೆಯನ್ನು ತಾವೇ ಕಾಯುತ್ತಾರೆ.

ಕರೆಂಟಿಗೆ ಬರುತ್ತೇನೆ. ಸೋಲಾರ್ ಹಾಕಿಸಬೇಕಾ ಎಂದು ಕೇಳಿದ್ದೀರಿ. ಹಾಕಿಸಿ, ಆದರೆ ಮೊದಲು ಖರ್ಚು ಇಳಿಸಿ. ಲೆಕ್ಕ ನೋಡಿ. ಹಳೆ ಸೀಲಿಂಗ್ ಫ್ಯಾನ್ 75 ವ್ಯಾಟ್ ತಿನ್ನುತ್ತದೆ, ಕಡಿಮೆ ಕರೆಂಟ್ ಸಾಕಾಗುವ ಹೊಸ ಬಗೆಯ ಬಿ.ಎಲ್.ಡಿ.ಸಿ. ಫ್ಯಾನ್ 30 ವ್ಯಾಟ್. ಉಳಿತಾಯ 45 ವ್ಯಾಟ್. 200 ಫ್ಯಾನ್, ದಿನಕ್ಕೆ 6 ಗಂಟೆ, ವರ್ಷಕ್ಕೆ 200 ದಿನ ಎಂದರೆ 10,800 ಯೂನಿಟ್. ಚೋಕ್ ಇರುವ ಹಳೆ ಟ್ಯೂಬ್‌ಲೈಟ್ 55 ವ್ಯಾಟ್, ಎಲ್.ಇ.ಡಿ. ಟ್ಯೂಬ್ 20. ಅಂಥ 150 ಬದಲಿಸಿದರೆ ಇನ್ನೂ 6,300 ಯೂನಿಟ್. ಎರಡೂ ಸೇರಿ 17,100. ಸುಮಾರು 1,000 ಚದರ ಅಡಿ ತಾರಸಿ ಹಿಡಿಯುವ 10 ಕಿಲೋವ್ಯಾಟ್ ಸೋಲಾರ್ ನಮ್ಮ ಬಿಸಿಲಿನಲ್ಲಿ ವರ್ಷಕ್ಕೆ ಕೊಡುವುದು 14,000 ಯೂನಿಟ್ ಆಸುಪಾಸು. ನಮ್ಮ ದೇಶದ ಗ್ರಿಡ್ಡಿನಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಉಳಿಸಿದ 17,100 ಯೂನಿಟ್ ಎಂದರೆ ಹತ್ತಿರ ಹತ್ತಿರ 12 ಟನ್.

ಎಲ್ಲ ಫ್ಯಾನನ್ನೂ ಒಂದೇ ಸಲ ಕಿತ್ತು ಹಾಕಿ ಎನ್ನುತ್ತಿಲ್ಲ. ಸುಟ್ಟುಹೋದ ಫ್ಯಾನನ್ನು ಮತ್ತೆ ವೈಂಡಿಂಗ್‌ಗೆ ಕಳಿಸುವುದರ ಬದಲು ಹೊಸ ಬಗೆಯದನ್ನೇ ಕೊಳ್ಳಬೇಕು ಎಂದು ಒಂದು ನಿಯಮ ಮಾಡಿಕೊಳ್ಳಿ. ಐದಾರು ವರ್ಷದಲ್ಲಿ ತಾನಾಗಿ ಬದಲಾಗುತ್ತವೆ. ಇನ್ನು ಒಂದು ರೂಪಾಯಿ ಖರ್ಚಿಲ್ಲದ ಕೆಲಸ: ಸಂಜೆ 6ಕ್ಕೆ ಒಮ್ಮೆ, ಬೆಳಿಗ್ಗೆ 6ಕ್ಕೆ ಒಮ್ಮೆ ಮೀಟರ್ ಓದಿ. ಯಾರೂ ಇಲ್ಲದ ರಾತ್ರಿಯಲ್ಲಿ 12 ಯೂನಿಟ್ ಓಡಿದ್ದರೆ, ಒಂದು ಕಿಲೋವ್ಯಾಟ್ ಯಾವುದೋ ಮೂಲೆಯಲ್ಲಿ ಇಡೀ ರಾತ್ರಿ ಉರಿಯುತ್ತಿದೆ. ವಾಟರ್ ಕೂಲರ್, ಕಂಪ್ಯೂಟರ್ ಲ್ಯಾಬಿನ ಯು.ಪಿ.ಎಸ್., ಕಾರಿಡಾರ್ ದೀಪ. ಹುಡುಕಿ ಆರಿಸಿ. ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ಎಂದೂ ನೋಡಿ. ನಿಗದಿತ ಶುಲ್ಕ ಅದರ ಮೇಲೆ ಬೀಳುತ್ತದೆ, ಬೇಕಾದ್ದಕ್ಕಿಂತ ಜಾಸ್ತಿ ಇದ್ದರೆ ಇಳಿಸಲು ಅರ್ಜಿ ಕೊಡಬಹುದು. ಸೋಲಾರ್ ಹಾಕಿದ ಮೇಲೆ ಅದನ್ನು ತೊಳೆಯುವವರು ಯಾರು ಎಂಬುದನ್ನೂ ಮೊದಲೇ ತೀರ್ಮಾನಿಸಿ. ನಿಮ್ಮ ಊರಿನ ಧೂಳಿಗೆ ಪ್ಯಾನೆಲ್ ಬೇಗ ಮಂಕಾಗುತ್ತದೆ.

ಹಾಸ್ಟೆಲಿನ ಊಟ ತೂಗಿಸಿ. ಎರಡು ಬಕೆಟ್ ಇಡಿ. ತಟ್ಟೆಯಲ್ಲಿ ಬಿಟ್ಟದ್ದು ಒಂದಕ್ಕೆ, ಪಾತ್ರೆಯಲ್ಲಿ ಉಳಿದದ್ದು ಇನ್ನೊಂದಕ್ಕೆ. ಈ ಎರಡರ ಕಾರಣ ಬೇರೆ ಬೇರೆ. ತಟ್ಟೆಯಲ್ಲಿ ಬಿಡುವುದು ರುಚಿಯ, ಅಳತೆಯ ಪ್ರಶ್ನೆ. ಪಾತ್ರೆಯಲ್ಲಿ ಉಳಿಯುವುದು ಎಷ್ಟು ಜನ ಊಟಕ್ಕೆ ಬರುತ್ತಾರೆ ಎಂದು ಅಡುಗೆಯವರಿಗೆ ಗೊತ್ತಿಲ್ಲದೆ. ಶನಿವಾರ ಮಕ್ಕಳು ಊರಿಗೆ ಹೊರಟುಬಿಡುತ್ತಾರೆ, ಅನ್ನ ಮಾತ್ರ ಎಲ್ಲರಿಗೂ ಬೆಂದಿರುತ್ತದೆ. ಬೆಳಿಗ್ಗೆ ಒಂದು ಹಾಜರಿ ಹಾಳೆ ಅಡುಗೆಮನೆಗೆ ಹೋದರೆ ಇದು ಬಹಳ ಕಡಿಮೆಯಾಗುತ್ತದೆ. ಹಾಸ್ಟೆಲ್ ಸಾಮಾನ್ಯವಾಗಿ ಬೇರೆ ಇಲಾಖೆಯದು, ಆದ್ದರಿಂದ ವಾರ್ಡನ್ ಅವರನ್ನು ಮೊದಲ ದಿನದಿಂದಲೇ ಜೊತೆಗೆ ಕೂರಿಸಿಕೊಳ್ಳಿ. ಇಷ್ಟೆಲ್ಲ ಮಾಡಿದ ಮೇಲೂ ದಿನಕ್ಕೆ 50 ಕೆಜಿ ಹಸಿಕಸ ಉಳಿದರೆ ಬಯೋಗ್ಯಾಸ್ ಯೋಚಿಸಬಹುದು. ಅಷ್ಟರಿಂದ ಸುಮಾರು 5 ಘನ ಮೀಟರ್ ಗ್ಯಾಸ್ ಬರುತ್ತದೆ. ಅಂದರೆ 2 ಕೆಜಿಗೂ ಸ್ವಲ್ಪ ಹೆಚ್ಚು ಎಲ್.ಪಿ.ಜಿ.ಗೆ ಸಮ, ಒಂಬತ್ತು ದಿನಕ್ಕೆ ಹೆಚ್ಚುಕಡಿಮೆ 19 ಕೆಜಿಯ ಒಂದು ಸಿಲಿಂಡರ್. 10 ಕೆಜಿ ಮಾತ್ರ ಇದ್ದರೆ ಗೊಬ್ಬರದ ಗುಂಡಿಯೇ ಸಾಕು. ಅದಕ್ಕೆ ತರಗೆಲೆ ಪದರ ಪದರವಾಗಿ ಹಾಕಿ, ಮೇಲೆ ಸಗಣಿ ಬಗ್ಗಡ ಚಿಮುಕಿಸಿ. ಮೂರು ನಾಲ್ಕು ತಿಂಗಳಿಗೆ ನಿಮ್ಮ ಸಸಿಗಳಿಗೆ ಗೊಬ್ಬರ. ಎಲೆ ಗುಡಿಸಿ ಬೆಂಕಿ ಹಚ್ಚುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. ಬಯಲಿನಲ್ಲಿ ಕಸ ಸುಡುವುದನ್ನು ಹಸಿರು ನ್ಯಾಯಮಂಡಳಿ 2016ರಲ್ಲೇ ದಂಡ ಹಾಕಿ ನಿಷೇಧಿಸಿದೆ.

ಒಣಕಸದ ಬಗ್ಗೆ ಒಂದೇ ಸಲಹೆ: ಬಣ್ಣದ ಡಬ್ಬಿ ಕೊಳ್ಳುವ ಮೊದಲು ಗುಡಿಸುವ ಅಮ್ಮಂದಿರ ಜೊತೆ ಕೂತು ಮಾತಾಡಿ. ಯಾವ ಕೊಠಡಿಯಲ್ಲಿ ಏನು ಕಸ, ಎಲ್ಲಿ ಎಷ್ಟು, ಪುರಸಭೆಯ ಗಾಡಿ ಯಾವಾಗ ಬರುತ್ತದೆ, ಬಂದವರು ಬೇರ್ಪಡಿಸಿದ್ದನ್ನು ಮತ್ತೆ ಬೆರೆಸುತ್ತಾರಾ, ಎಲ್ಲವೂ ಅವರಿಗೆ ಗೊತ್ತು. ಅವರಿಗೆ ಕೈಗವಸು, ತಳ್ಳುಗಾಡಿ ಕೊಡದೆ ಮೂರು ಡಬ್ಬಿ ಇಟ್ಟರೆ ಅವರ ಕೆಲಸ ಮೂರು ಪಟ್ಟು ಆಗುತ್ತದೆ ಅಷ್ಟೇ. ಹುಡುಗಿಯರ ಶೌಚಾಲಯದ ಪ್ಯಾಡ್‌ಗಳಿಗೆ ಮುಚ್ಚಳವಿರುವ ಬೇರೆ ಡಬ್ಬಿ, ಸುತ್ತಲು ಹಳೆ ಪೇಪರ್ ಇರಲೇಬೇಕು. ಇದನ್ನು ಹೇಳಲು ಸಂಕೋಚ ಪಡುವ ಕಮಿಟಿಗಳು ಬಹಳ, ಆ ಕಸವನ್ನು ಕೈಯಲ್ಲಿ ಎತ್ತುವವರು ಮಾತ್ರ ಅದೇ ಅಮ್ಮಂದಿರು. ಕ್ಯಾಂಟೀನಿನಲ್ಲಿ ಪೇಪರ್ ಕಪ್ ಬದಲು ಸ್ಟೀಲ್ ಲೋಟ ಬರಲಿ. ಪೇಪರ್ ಕಪ್ಪಿನ ಒಳಗೂ ಪ್ಲಾಸ್ಟಿಕ್ ಪದರ ಇರುತ್ತದೆ. ಫ್ಲೆಕ್ಸ್ ಬ್ಯಾನರ್ ಬೇಡ, ರಾಜ್ಯದಲ್ಲಿ 2016ರಿಂದಲೇ ನಿಷೇಧ ಇದೆ. ಬಟ್ಟೆಯ ಮೇಲೆ ಬರೆಯುವ ಹುಡುಗರು ಪ್ರತಿ ತರಗತಿಯಲ್ಲೂ ಇರುತ್ತಾರೆ.

ಬಸ್ಸಿನ ವಿಷಯ ಚಿಕ್ಕದು, ಆದರೆ ಯಾರೂ ಮಾಡುವುದಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಸರ್ಕಾರಿ ಬಸ್ಸು ಉಚಿತ. ಹುಡುಗರು ಬೈಕ್ ತರುವುದು ಬಹಳ ಸಲ ಶೋಕಿಗಲ್ಲ, ಮೊದಲ ಪೀರಿಯಡ್‌ಗೆ ಸರಿಯಾಗಿ ಬಸ್ಸಿಲ್ಲದ್ದಕ್ಕೆ. ಯಾವ ಊರಿನಿಂದ ಎಷ್ಟು ಜನ, ಯಾವ ಹೊತ್ತಿಗೆ ಎಂದು ಒಂದು ಪಟ್ಟಿ ಮಾಡಿ ಡಿಪೋ ಮ್ಯಾನೇಜರ್‌ಗೆ ಕೊಡಿ. ಸಂಖ್ಯೆ ಕೈಯಲ್ಲಿದ್ದರೆ ಅರ್ಧ ಗಂಟೆ ಸಮಯ ಹಿಂದೆ ಮುಂದೆ ಮಾಡಿಸುವುದು ಸುಲಭ.

ಇದನ್ನೆಲ್ಲ ಯಾರು ಮಾಡುವುದು? ನೀವೊಬ್ಬರೇ ಹೊತ್ತರೆ ನಿಮ್ಮ ವರ್ಗಾವಣೆಯ ದಿನ ಎಲ್ಲ ನಿಲ್ಲುತ್ತದೆ. ಹಾಗಾಗಿ ಇದನ್ನು ಪಾಠದೊಳಗೆ ಸೇರಿಸಿ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಕೊಟ್ಟ ಆದೇಶದಿಂದ ಪರಿಸರ ಅಧ್ಯಯನ ಪದವಿ ತರಗತಿಗಳಿಗೆ ಬಂತು. ಈಗ ಅದರ ಪ್ರಾಜೆಕ್ಟ್ ಎಂದರೆ ಓಝೋನ್ ಪದರದ ಬಗ್ಗೆ ಎಲ್ಲಿಂದಲೋ ಇಳಿಸಿಕೊಂಡ ಹತ್ತು ಪುಟ. ಅದರ ಬದಲು ಕ್ಯಾಂಪಸ್ಸಿನ ಲೆಕ್ಕವನ್ನೇ ಪ್ರಾಜೆಕ್ಟ್ ಮಾಡಿ. ವಾಣಿಜ್ಯ ವಿಭಾಗದವರು ಎರಡು ವರ್ಷದ ಕರೆಂಟ್ ಬಿಲ್ ವಿಶ್ಲೇಷಣೆ ಮಾಡಲಿ. ರಸಾಯನಶಾಸ್ತ್ರದವರು ನೀರು ಪರೀಕ್ಷಿಸಲಿ, ಜೊತೆಗೆ ತಮ್ಮ ಲ್ಯಾಬಿನ ಡಿಸ್ಟಿಲೇಷನ್ ಘಟಕಕ್ಕೆ ತಂಪಿಗೆಂದು ಬಿಟ್ಟ ನಲ್ಲಿ ನೀರು ಎಲ್ಲಿಗೆ ಹೋಗುತ್ತದೆ ಎಂದೂ ನೋಡಲಿ. ಭೂಗೋಳದವರು ನೀರಿನ ನಕ್ಷೆ ಮಾಡಲಿ. ಕನ್ನಡ ವಿಭಾಗದವರು ಊರಿನ ಹಿರಿಯರನ್ನು ಮಾತಾಡಿಸಿ ಕೆರೆ, ಬಾವಿ, ತೋಪುಗಳ ನೆನಪು ದಾಖಲಿಸಲಿ. ಎನ್.ಎಸ್.ಎಸ್. ಸ್ವಯಂಸೇವಕರಿಗೆ ವರ್ಷಕ್ಕೆ 120 ಗಂಟೆಯ ಸೇವೆ ಹೇಗೂ ಇದೆ. ಸಸಿಯ ನೀರಿನ ಪಾಳಿ ಅದರಲ್ಲಿ ಬರಲಿ. ಪ್ರತಿ ಬ್ಯಾಚ್ ಹಿಂದಿನವರ ನೋಟ್‌ಬುಕ್ ಪಡೆದು ಮುಂದುವರಿಸಬೇಕು ಎಂಬುದು ನಿಯಮವಾಗಲಿ.

ಗ್ರೀನ್ ಆಡಿಟ್ ಬಗ್ಗೆ: ನ್ಯಾಕ್‌ನ ಮೌಲ್ಯಮಾಪನದಲ್ಲಿ ಪರಿಸರ, ಇಂಧನ ಆಡಿಟ್ ಕೇಳುತ್ತಾರೆ, ಆದ್ದರಿಂದ ಮಾಡಿಸಿ. ಆದರೆ ಒಂದೇ ದಿನ ಬಂದು ಫೋಟೋ ತೆಗೆದು ಪ್ರಮಾಣಪತ್ರ ಕೊಟ್ಟುಹೋಗುವವರಿಗೆ ದುಡ್ಡು ಕೊಡಬೇಡಿ. ಮೊದಲು ನಿಮ್ಮದೇ ಆರು ತಿಂಗಳ ಅಳತೆ ಇರಲಿ, ಆಮೇಲೆ ಹೊರಗಿನವರು ಬಂದು ಅದನ್ನು ಪರೀಕ್ಷಿಸಲಿ. ಇಂಧನದ ಭಾಗಕ್ಕೆ ಕೇಂದ್ರದ ಇಂಧನ ದಕ್ಷತಾ ಬ್ಯೂರೋದಿಂದ ಮಾನ್ಯತೆ ಪಡೆದ ಆಡಿಟರನ್ನೇ ಕರೆಯಿರಿ. ತಂಡದ ಮುಂದೆ ‘ಕಳೆದ ವರ್ಷ ಇಷ್ಟು ನೀರು, ಈ ವರ್ಷ ಇಷ್ಟು’ ಎಂಬ ಒಂದು ಹಾಳೆ ಇಟ್ಟರೆ, ಅದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಬೇಕಿಲ್ಲ.

ಪ್ರಾಂಶುಪಾಲರ ಹತ್ತಿರ ಈಗ ಮೂರೇ ಕೇಳಿ: ಎರಡು ವರ್ಷದ ಕರೆಂಟ್ ಬಿಲ್ಲುಗಳ ನಕಲು, ಎರಡು ದಿನ ಒಬ್ಬ ಪ್ಲಂಬರ್, ಟ್ಯಾಂಕಿಗೆ ಆ ಕಂಟ್ರೋಲರ್. ಇದಕ್ಕೆ ಯಾರೂ ಇಲ್ಲ ಎನ್ನುವುದಿಲ್ಲ. ಜೊತೆಗೆ, ಬೇರೆಲ್ಲಕ್ಕಿಂತ ಮೊದಲು, ಈ ವಾರವೇ ಬೋರ್‌ವೆಲ್ ನೀರಿನ ಮಾದರಿಯನ್ನು ಜಿಲ್ಲೆಯ ಸರ್ಕಾರಿ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕಳಿಸಿ. ಆರ್.ಓ. ಇದ್ದರೆ ಅದರ ನೀರನ್ನೂ ಬೇರೆ ಬಾಟಲಿಯಲ್ಲಿ ಕಳಿಸಿ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ 1.5 ದಾಟಿದ್ದರೆ ನ್ಯಾಕ್ ತಂಡಕ್ಕೂ ಕಾಯಬೇಡಿ, ಮಳೆಗಾಲಕ್ಕೂ ಕಾಯಬೇಡಿ. ಹಾಸ್ಟೆಲ್ ಮಕ್ಕಳು ದಿನದ ಮೂರು ಹೊತ್ತೂ ಅದೇ ನೀರು ಕುಡಿಯುತ್ತಿರಬಹುದು, ಅದೇ ನೀರಿನಲ್ಲಿ ಅಡುಗೆಯೂ ಆಗುತ್ತಿರಬಹುದು. ವಾರ್ಡನ್ ಅವರಿಗೂ ತಾಲ್ಲೂಕು ಆರೋಗ್ಯಾಧಿಕಾರಿಗೂ ವರದಿಯ ಪ್ರತಿ ಕೊಟ್ಟು, ಕುಡಿಯಲು ಮತ್ತು ಅಡುಗೆಗೆ ಬೇರೆ ನೀರಿನ ವ್ಯವಸ್ಥೆ ಅದೇ ದಿನ ಆಗುವಂತೆ ಹಿಡಿದು ಕೂರಿ.